ಬಾನೆಟ್ಟಿನೊಳಗಿನ ಮಡಿ

ಹೊಸ ಕಾರು ಬಂದರೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಬೇಕು. ರಾಹುಕಾಲ ಕಳೆಯುವ ತನಕ ಶೋರೂಮಿನವರ ಕಾಫಿ ಕುಡಿಯುತ್ತ ಕೂರಬೇಕು. ಆಯುಧಪೂಜೆ ಬಂತೆಂದರೆ ಬಾನೆಟ್ಟಿಗೆ ಅರಿಸಿನ ಕುಂಕುಮ, ವೈಪರಿಗೆ ಸೇವಂತಿಗೆ, ನಡುರಸ್ತೆಗೆ ಬೂದುಗುಂಬಳ. ನಮ್ಮ ಕಾರಿನ ದೃಷ್ಟಿ ಇಳಿದು, ಹಿಂದೆ ಬರುವ ಸ್ಕೂಟರಿನವನು ಜಾರಿ ಬಿದ್ದರೆ ಪೂಜೆ ಫಲಿಸಿತೆಂದೇ ಲೆಕ್ಕ. ಆದರೆ ಪೂಜೆಯೆಲ್ಲ ಬಾನೆಟ್ಟಿನ ಮೇಲೆ. ಅದನ್ನೆತ್ತಿದರೆ ಮೂಲೆಯಲ್ಲಿ, ಟರ್ಮಿನಲ್ಲಿನ ಸುತ್ತ ಬಿಳಿ-ಹಸಿರು ಪುಡಿ ಕಟ್ಟಿಕೊಂಡು ಕೂತಿರುವ ಬ್ಯಾಟರಿಯನ್ನು ಕೇಳುವವರಿಲ್ಲ. ವಾರದ ಏಳೂ ದಿನದ ರಾಹುಕಾಲವನ್ನು ನಿದ್ದೆಗಣ್ಣಲ್ಲಿ ಹೇಳುವ ಯಜಮಾನರನ್ನು ಬ್ಯಾಟರಿ ಹಾಕಿಸಿ ಎಷ್ಟು ವರ್ಷವಾಯಿತು ಎಂದು ಕೇಳಿ ನೋಡಿ. "ಕಾರಿನ ಜೊತೆಗೇ ಬಂದಿತ್ತಲ್ವಾ?" ಎನ್ನುತ್ತಾರೆ. ಕಾರಿಗೆ ಏಳು ವರ್ಷ. ಬ್ಯಾಟರಿಯ ಆಯುಸ್ಸು ಸಾಮಾನ್ಯವಾಗಿ ಮೂರರಿಂದ ಐದು.

ಹೀಗಿರಲು ಒಂದು ಬೆಳಗ್ಗೆ, ಅದೂ ಮುಹೂರ್ತಕ್ಕೆ ಹೊರಟಾಗಲೇ, ಸೆಲ್ಫ್ ಎತ್ತುವುದಿಲ್ಲ. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತದೆ, ಅಷ್ಟೆ. ಅಸೋಸಿಯೇಷನ್ ಮೀಟಿಂಗಿಗೆ ಎಂದೂ ಕೋರಂ ಸಿಗದ ಅಪಾರ್ಟ್‌ಮೆಂಟಿನಲ್ಲಿ ಆ ಟಿಕ್ ಟಿಕ್ ಕೇಳಿ ಎರಡೇ ನಿಮಿಷಕ್ಕೆ ತಜ್ಞರ ಸಮಿತಿ ಸೇರುತ್ತದೆ.

"ತಳ್ಳಿ ಸಾರ್, ಸೆಕೆಂಡ್ ಗೇರಿಗೆ ಹಾಕಿ ಬಿಡಿ."

"ಇದು ಆಟೊಮ್ಯಾಟಿಕ್ ಕಣ್ರೀ."

"ಆದ್ರೇನಂತೆ, ತಳ್ಳಿ ಸಾರ್."

ಅಷ್ಟರಲ್ಲಿ ಮೂರನೇ ಮಹಡಿಯ ಮಾವನವರು ಹತ್ತನೇ ನಂಬರ್ ಸ್ಪ್ಯಾನರ್ ಹಿಡಿದು ಇಳಿದು ಬರುತ್ತಾರೆ. "ಸರೀರಿ ಎಲ್ಲಾ, ನಾನು ಬಿಚ್ತೀನಿ. ಬರೀ ಹನ್ನೆರಡು ವೋಲ್ಟು, ಶಾಕ್ ಕೂಡ ಹೊಡೆಯಲ್ಲ." ಬೆರಳಲ್ಲಿ ನವರತ್ನದ ಉಂಗುರ, ಮಣಿಕಟ್ಟಿನಲ್ಲಿ ತಾಮ್ರದ ಕಡಗ.

ಮಾವನವರ ಮಾತು ಅರ್ಧ ನಿಜ, ಆದ್ದರಿಂದಲೇ ಪೂರ್ತಿ ಅಪಾಯ. 12 ವೋಲ್ಟ್ ಮೈಗೆ ಶಾಕ್ ಹೊಡೆಯುವುದಿಲ್ಲ, ಸರಿ. ಆದರೆ ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಲೋಹ ಸಿಕ್ಕಿತೋ, ನೂರಾರು ಆಂಪಿಯರ್ ಕರೆಂಟು ಒಂದೇ ಏಟಿಗೆ ನುಗ್ಗುತ್ತದೆ. ಕಾರಿನ ಬಾಡಿಯೆಲ್ಲ ಮೈನಸ್ಸಿನ ಸೊತ್ತು. ಮೊದಲು ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರಿನ ಬಾಲ ಬಾಡಿಗೆ ತಗುಲಿದರೆ ಚಟಾರನೆ ಶಾರ್ಟ್. ಉಂಗುರ ನಡುವೆ ಸಿಕ್ಕಿಬಿದ್ದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಯಾವ ಗ್ರಹದ ಶಾಂತಿಗೆಂದು ತೊಟ್ಟಿದ್ದರೋ ಆ ಗ್ರಹವೇ ಬೆರಳಿಗೆ ವಕ್ಕರಿಸುತ್ತದೆ.

ಹಾಗಾಗಿ ವಿಧಿ ಇಷ್ಟೇ. ಇಗ್ನಿಷನ್ ಆಫ್, ಉಂಗುರ, ಕಡಗ, ವಾಚು ಜೇಬಿಗೆ. ಬಿಚ್ಚುವಾಗ ಕಪ್ಪು ಮೈನಸ್ ಮೊದಲು, ಕೆಂಪು ಪ್ಲಸ್ ಆಮೇಲೆ. ಹೊಸದನ್ನು ಹಾಕುವಾಗ ಕೆಂಪು ಮೊದಲು, ಕಪ್ಪು ಕೊನೆಗೆ. ಹೊಸ ಸೊಸೆ ಯಾವ ಕಾಲು ಮುಂದಿಟ್ಟು ಒಳಗೆ ಬಂದಳೆಂದು ಮೂವತ್ತು ವರ್ಷ ನೆನಪಿಡುವ ನಮಗೆ ಎರಡು ಬಣ್ಣದ ಈ ಕ್ರಮ ನೆನಪಿರುವುದಿಲ್ಲ. ಕಾಲು ತಪ್ಪಿದರೆ ಅತ್ತೆ ಸಿಡಿಮಿಡಿಗೊಳ್ಳುತ್ತಾರೆ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಕಾರಿನ ಕಂಪ್ಯೂಟರೇ ಸುಟ್ಟೀತು. ಪರಂಪರೆ ಇಲ್ಲದ್ದನ್ನು ಹೇಗೆ ನಂಬುವುದು ಎನ್ನಬೇಡಿ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸ-ಆಸಿಡ್ ಬ್ಯಾಟರಿ ಮಾಡಿದ್ದು 1859ರಲ್ಲಿ. ಕಾರುಪೂಜೆಗಿಂತ ಹಳೆಯ ಸಂಪ್ರದಾಯವಿದು.

ಅಗ್ನಿಕಾರ್ಯವನ್ನು ಮತ್ತೊಬ್ಬ ತಜ್ಞರು ವಹಿಸಿಕೊಂಡಿರುತ್ತಾರೆ. ನೀರು ಎಷ್ಟಿದೆ ನೋಡಲು ಮುಚ್ಚಳ ತಿರುಚಿ, ಬಾಯಲ್ಲಿ ಸಿಗರೇಟು ಉರಿಯುತ್ತಿರುವಾಗಲೇ ಬಗ್ಗುತ್ತಾರೆ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊಮ್ಮುತ್ತದೆ. ಗಾಳಿಯಲ್ಲಿ ಅದು ಶೇ. 4ರಷ್ಟು ಬೆರೆತರೆ ಒಂದು ಕಿಡಿ ಸಾಕು. ಗಣಹೋಮ ಮಾಡಿಸಿದ ಮನೆಯೆಂದು ಹೈಡ್ರೋಜನ್ನಿಗೆ ಯಾರೂ ಹೇಳಿರುವುದಿಲ್ಲ. ಪಕ್ಕದ ಕಾರಿನ ಬ್ಯಾಟರಿಯಿಂದ ಕರೆಂಟು ಎರವಲು ತರುವ ಜಂಪ್ ಕೇಬಲ್ಲಿನ ಕೊನೆಯ ಕ್ಲಿಪ್ಪನ್ನು ಸತ್ತ ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸದೆ, ದೂರದಲ್ಲಿ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸುವುದು ಇದಕ್ಕೇ. ಕಿಡಿ ಹಾರುವುದಾದರೆ ಗ್ಯಾಸಿನಿಂದ ದೂರ ಹಾರಲಿ.

ತೀರ್ಥದ ವಿಚಾರದಲ್ಲಂತೂ ಬ್ಯಾಟರಿಯ ಮಡಿ ನಮ್ಮ ಅಜ್ಜಿಯರನ್ನು ಮೀರಿಸಿದ್ದು. ಡಿಸ್ಟಿಲ್ಡ್ ವಾಟರ್ ಬಿಟ್ಟು ಇನ್ನೇನೂ ಮುಟ್ಟುವಂತಿಲ್ಲ; ಬೋರ್‌ವೆಲ್ ನೀರಿನ ಲವಣ ಪ್ಲೇಟುಗಳನ್ನು ತಿನ್ನುತ್ತದೆ. ಒಳಗಿರುವುದು ಸಲ್ಫ್ಯೂರಿಕ್ ಆಸಿಡ್. ಕಣ್ಣಿಗೋ ಮೈಗೋ ಸಿಡಿದರೆ ಹತ್ತಿಪ್ಪತ್ತು ನಿಮಿಷ ಧಾರಾಳವಾಗಿ ನೀರು ಸುರಿಯಬೇಕು, ಕಣ್ಣಾದರೆ ಹಾಗೇ ಆಸ್ಪತ್ರೆಗೆ ಓಡಬೇಕು. ಸಮಿತಿ ಸೂಚಿಸುವ ಅರಿಸಿನ, ಟೂತ್‌ಪೇಸ್ಟು, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಆ ಬಿಳಿ-ಹಸಿರು ಪುಡಿಗೆ ಬೆಚ್ಚಗಿನ ನೀರಿನಲ್ಲಿ ಕದಡಿದ ಅಡುಗೆ ಸೋಡಾ, ಹಳೇ ಬ್ರಷ್ಷು ಸಾಕು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ ಎಂದರೆ "ಇಷ್ಟಕ್ಕೆಲ್ಲ ಯಾಕ್ರೀ" ಎನ್ನುತ್ತಾರೆ. ಅವರೇ ಹಳೇ ಬ್ಯಾಟರಿಯನ್ನು ಸ್ಕೂಟರಿನಲ್ಲಿ ಕಾಲಿನ ನಡುವೆ ಅಡ್ಡ ಮಲಗಿಸಿಕೊಂಡು ಒಯ್ಯುತ್ತಾರೆ. ಪ್ಯಾಂಟು ಅಂದು ಏನೂ ಆಗದ ಹಾಗೆ ಕಾಣುತ್ತದೆ. ಒಗೆದು ಹರವಿದಾಗ ಜರಡಿ.

ಅಂಗಡಿಯಲ್ಲಿ ಎಷ್ಟು ಆಂಪಿಯರ್-ಅವರ್, ಪ್ಲಸ್ಸು ಎಡಕ್ಕೋ ಬಲಕ್ಕೋ, ತಯಾರಾದ ತಿಂಗಳು ಯಾವುದು ಎಂದು ಕೇಳುವವರಿಲ್ಲ. ಕೇಳುವುದು ಒಂದೇ: "ಹಳೇದಕ್ಕೆ ಎಷ್ಟು ಕೊಡ್ತೀರಿ?" ಬಿಲ್ಲು ಕೊಡುವ ಡೀಲರ್ ಒಂದು ರೇಟು ಹೇಳುತ್ತಾನೆ. ಹಿಂದಿನ ಗಲ್ಲಿಯ ಗುಜರಿಯವನು ಬಿಲ್ಲಿಲ್ಲದೆ ನೂರು ರೂಪಾಯಿ ಜಾಸ್ತಿ ಹೇಳುತ್ತಾನೆ. ಹಳೇ ಬ್ಯಾಟರಿಯನ್ನು ಬೇರೆ ಕಸದಿಂದ ಬೇರ್ಪಡಿಸಿ, ಸಂಗ್ರಹಿಸುವವರಿಗೋ ಮರುಬಳಕೆ ಮಾಡುವವರಿಗೋ ಒಪ್ಪಿಸುವುದು ಗ್ರಾಹಕನ ಹೊಣೆ ಎಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಹೇಳಲಿ, ನೂರು ರೂಪಾಯಿ ನೂರು ರೂಪಾಯಿಯೇ.

ಆಮೇಲಿನದು ನಮಗೆ ಕಾಣುವುದಿಲ್ಲ. ಬ್ಯಾಟರಿಯನ್ನು ಕೊಡಲಿಯಿಂದ ಒಡೆದು ಆಸಿಡ್ಡನ್ನು ಮೋರಿಗೆ ಚೆಲ್ಲುತ್ತಾರೆ. ತೂಕದಲ್ಲಿ ಅರ್ಧಕ್ಕೂ ಹೆಚ್ಚಿರುವ ಸೀಸವನ್ನು ಊರಾಚೆಯ ಶೆಡ್ಡಿನಲ್ಲಿ ಕರಗಿಸುತ್ತಾರೆ. ಆ ಹೊಗೆ, ಆ ಧೂಳು ಸುತ್ತಲಿನ ಮಕ್ಕಳ ರಕ್ತಕ್ಕೆ ಸೇರುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಚಿಂತೆಯಿಲ್ಲ ಎನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಆ ಮಕ್ಕಳು ನಮ್ಮ ಅಪಾರ್ಟ್‌ಮೆಂಟಿನವರಲ್ಲವಲ್ಲ. ನಮ್ಮ ಬೇಸ್‌ಮೆಂಟು ಶುದ್ಧವಾಯಿತು, ಕಾರು ಸ್ಟಾರ್ಟ್ ಆಯಿತು. ನಮ್ಮ ಗೇಟು ದಾಟಿ ಬೇರೆಯವರ ಕೇರಿ ಸೇರಿದ ಮೈಲಿಗೆ ಮೈಲಿಗೆಯೇ ಅಲ್ಲ: ಈ ಒಂದು ಶಾಸ್ತ್ರವನ್ನು ನಾವು ಯಾರಿಂದಲೂ ಹೇಳಿಸಿಕೊಳ್ಳದೆ, ತಲೆತಲಾಂತರದಿಂದ, ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದೇವೆ.