ಏಳನೆಯ ಸೇವೆ

ಬೆಂಗಳೂರಿನಿಂದ ಬಾಡಗಂಡಿಗೆ ಬಂದಿಳಿದ ಮಗ-ಸೊಸೆ ಮೊದಲ ದಿನವೇ ಮೊಬೈಲಿನಲ್ಲಿ ‘ಹತ್ತಿರದ ಶಿಶು ಬೆಂಬಲ ಸೇವೆ’ ಹುಡುಕಿದರು. ಅದು ತೋರಿಸಿದ್ದು ಟ್ರ್ಯಾಕ್ಟರ್ ಅಂಗಡಿ! “ಹೋಗ್ರಿ, ಅದರ ಮ್ಯಾಲ ಕುಂದ್ರಿಸಿದ್ರ ಕೂಸು ಅಳೂದಿಲ್ಲ” ಅಂದಳು ನಮ್ಮವ್ವ.

ಈ ಹುಡುಕಾಟವನ್ನು ಸರ್ಕಾರ 1975ರ ಅಕ್ಟೋಬರ್ 2ರಂದೇ ಶುರುಮಾಡಿತ್ತು. ಅಂದು ಹುಟ್ಟಿದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. ಅಂಗನವಾಡಿಯ ಮೂಲಕ ಸಿಗುವ ಸೇವೆ ಆರು: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಬೇಕಾದರೆ ದೊಡ್ಡ ಆಸ್ಪತ್ರೆಗೆ ಚೀಟಿ, ಆಟ-ಪಾಠ, ತಾಯಂದಿರಿಗೆ ತಿಳಿವಳಿಕೆ.

ಸೊಸೆ ಕೂಸನ್ನೆತ್ತಿಕೊಂಡು ಅಂಗನವಾಡಿಗೆ ಹೊರಟಳು. ಅಲ್ಲಿನ ಕಾರ್ಯಕರ್ತೆ ತೂಕ ಹಾಕಿ ‘ಪೋಷಣ್ ಟ್ರ್ಯಾಕರ್’ನಲ್ಲಿ ಬರೆದುಕೊಂಡಳು. ಕೂಲಿಗೆ ಹೋಗುವವರ ಮಕ್ಕಳಿಗೆ ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಯೋಜನೆಯೂ ಇದೆ ಎಂದಳು.

ಹತ್ತು ನಿಮಿಷದ ದಾರಿ, ಮರಳಲು ಒಂದೂವರೆ ತಾಸು ಹಿಡಿಯಿತು. ಓಣಿಯ ಹೆಂಗಸರಲ್ಲಿ ಒಬ್ಬಳು ದೃಷ್ಟಿಬೊಟ್ಟು ಇಟ್ಟಳು, ಇನ್ನೊಬ್ಬಳು “ಕುಂಚಿಗಿ ಎಲ್ಲಿ?” ಎಂದು ಗದರಿದಳು, ಮೂರನೆಯವಳು ಕೂಸನ್ನೇ ಕಸಿದುಕೊಂಡು ಒಳಗೆ ಹೋದಳು.

ಕೇಳದೆ ಸಿಗುವ ಉಪದೇಶ! ಇದಕ್ಕೆ ಅರ್ಜಿ ಬೇಡ, ಆಧಾರ್ ಬೇಡ, ರಜೆಯೂ ಇಲ್ಲ. ಸರ್ಕಾರ ಪಟ್ಟಿಗೆ ಸೇರಿಸಲು ಮರೆತ ಏಳನೆಯ ಸೇವೆ ಇದೇ.