ತಲೆಗೆ ಇನ್ನೂರು

ಸಂಬಳವಾದ ಮರುದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಮ್ಮ ಆಫೀಸಿಗೆ ಇದ್ದಕ್ಕಿದ್ದಂತೆ ಚುರುಕು ಬಂದುಬಿಡುತ್ತದೆ. ತಿಂಗಳಿಡೀ ಕುರ್ಚಿ ಬಿಟ್ಟೇಳದವರು ರೆಕಾರ್ಡ್ ರೂಮಿಗೆ ನುಗ್ಗಿ ಯಾವುದೋ ಹಳೇ ಕಡತಕ್ಕಾಗಿ ಧೂಳು ಕುಡಿಯುತ್ತಾರೆ. ಇಬ್ಬರು ಖಜಾನೆಗೆ ಹೊರಟು ನಿಲ್ಲುತ್ತಾರೆ. ಇನ್ನೊಬ್ಬರಂತೂ, ಕೌಂಟರಿಗೆ ಬಂದವರ ಮುಖವನ್ನೇ ಎತ್ತಿ ನೋಡದ ಮಹಾನುಭಾವರು, ಯಾರೋ ಅಜ್ಜನನ್ನು ಕೂರಿಸಿಕೊಂಡು ಅವರ ಕಡೆ ಮಳೆ ಬೆಳೆ ಹೇಗೆ ಎಂದು ವಿಚಾರಿಸುತ್ತಿರುತ್ತಾರೆ. ಕರ್ತವ್ಯನಿಷ್ಠೆ ಎಂದುಕೊಳ್ಳಬೇಡಿ. ವಂತಿಗೆ ರಾಯರು ಪುಸ್ತಕ ಹಿಡಿದು ತಮ್ಮ ಸೆಕ್ಷನ್ನಿನಿಂದ ಎದ್ದಿದ್ದಾರೆ ಎಂದರ್ಥ.

ರಾಯರಿಗೆ ಸರ್ವೀಸ್ ರಿಜಿಸ್ಟರಿನಲ್ಲಿ ಬೇರೆ ಹೆಸರಿದೆ. ಆ ಹೆಸರು ಸಂಬಳದ ಬಿಲ್ಲಿಗೆ ಬಿಟ್ಟರೆ ಮತ್ಯಾರಿಗೂ ಬೇಕಾಗಿಲ್ಲ. ಹುದ್ದೆಯಲ್ಲಿ ಅವರು ಪ್ರಥಮ ದರ್ಜೆ ಸಹಾಯಕರು. ಕಸುಬು ಮಾತ್ರ ಬೀಳ್ಕೊಡುಗೆ, ಹುಟ್ಟುಹಬ್ಬ, ಆಯುಧಪೂಜೆ, ರಾಜ್ಯೋತ್ಸವ, ಯಾರಿಗಾದರೂ ಮೊಮ್ಮಗುವಾದರೆ ಮೈಸೂರು ಪಾಕ್, ತುಟ್ಟಿಭತ್ಯೆ ಏರಿದರೆ ಬೋಂಡಾ. ನಿಮ್ಮ ಆಫೀಸಿನಲ್ಲೂ ಇಂಥವರೊಬ್ಬರು ಇರುತ್ತಾರೆ. ಶಾಲೆಯಾದರೆ ಬಹುಶಃ ಪಿ.ಟಿ. ಮೇಷ್ಟ್ರು, ಬ್ಯಾಂಕಾದರೆ ಯೂನಿಯನ್ನಿನವರು. ಐಟಿ ಕಂಪನಿಗಳಲ್ಲಿ ಇದಕ್ಕೆಂದೇ ಸಂಬಳ ಕೊಟ್ಟು ಜನ ಇಟ್ಟುಕೊಂಡಿರುತ್ತಾರಂತೆ. ನಮ್ಮಲ್ಲಿ ಬಿಟ್ಟಿ.

ರಾಯರು ಎಂದೂ ಬಾಯಿ ಬಿಟ್ಟು ದುಡ್ಡು ಕೇಳಿದವರಲ್ಲ. ನಿಮ್ಮ ಮೇಜಿನ ಪಕ್ಕ ಬಂದು ನಿಲ್ಲುತ್ತಾರೆ. ಉದ್ದನೆಯ ಪುಸ್ತಕ ಬಿಡಿಸುತ್ತಾರೆ. ಪೆನ್ನಿನ ಕ್ಯಾಪು ತೆಗೆದು ಹಿಂಬದಿಗೆ ಸಿಕ್ಕಿಸುತ್ತಾರೆ. ನಿಮ್ಮ ಹೆಸರು ಬರೆದು, ಮುಂದೊಂದು ಗೆರೆ ಎಳೆದು, ಕಿಟಕಿಯಾಚೆಯ ಹೊಂಗೆ ಮರವನ್ನು ನೋಡತೊಡಗುತ್ತಾರೆ. ಅಷ್ಟೇ. ಆ ಖಾಲಿ ಗೆರೆ ಸೊಸೈಟಿ ಸಾಲದ ನೋಟಿಸಿಗಿಂತ ಹೆಚ್ಚು ಚುಚ್ಚುತ್ತದೆ. ‘ಚಿಲ್ಲರೆ ಇಲ್ವಲ್ಲ ರಾಯ್ರೇ’ ಎಂದಿರೋ, ಜೇಬಿನಿಂದ ಮೈಸೂರು ಸ್ಯಾಂಡಲ್ ಸೋಪಿನ ಖಾಲಿ ಡಬ್ಬ ಈಚೆ ಬರುತ್ತದೆ. ಅದರ ತುಂಬ ಗಂಧದ ವಾಸನೆಯ ಹತ್ತರ ನೋಟುಗಳು. ‘ಈಗೆಲ್ಲ ಕ್ಯಾಶ್ ಯಾರು ಇಟ್ಕೋತಾರೆ’ ಎಂದರೆ ಪುಸ್ತಕ ಮಗುಚಿ ರಟ್ಟು ತೋರಿಸುತ್ತಾರೆ. ಅಲ್ಲಿ ಲ್ಯಾಮಿನೇಷನ್ ಮಾಡಿಸಿ ಅಂಟಿಸಿದ ಕ್ಯೂಆರ್ ಕೋಡ್. ‘ನಂಗೆ ಶುಗರ್ರು, ಸ್ವೀಟ್ ಮುಟ್ಟಲ್ಲ’ ಎಂದು ಒಮ್ಮೆ ನಾನೇ ಹೇಳಿ ನೋಡಿದೆ.

‘ನಿಮ್ಗೆ ಖಾರ ಎರಡು ಪಾಲು ಕೊಡ್ಸೋಣ ಸಾರ್. ದುಡ್ಡು ಒಂದೇ ಪಾಲು ಸಾಕು.’

ಹಿಂದೊಬ್ಬ ಸಾಹೇಬರು ಬಂದ ವಾರಕ್ಕೇ ಮೆಮೊ ಹೊರಡಿಸಿದರು: ಕಚೇರಿ ವೇಳೆಯಲ್ಲಿ ಯಾವುದೇ ಸಮಾರಂಭ ನಡೆಸತಕ್ಕದ್ದಲ್ಲ. ರಾಯರು ಮೆಮೊ ಮುಟ್ಟಿದ್ದಕ್ಕೆ ಸಹಿ ಹಾಕಿ, ಸೀದಾ ಒಳಗೆ ಹೋಗಿ, ಕೈಕಟ್ಟಿ ನಿಂತು ಕೇಳಿದರು: ‘ಸಾರ್, ವಿಧಾನಸೌಧದ ಹಣೆ ಮೇಲೇ ಬರೆದಿದೆ, ಸರ್ಕಾರದ ಕೆಲಸ ದೇವರ ಕೆಲಸ ಅಂತ. ದೇವರ ಕೆಲಸ ಅಂದ್ಮೇಲೆ ಪ್ರಸಾದ ಬೇಡ್ವಾ?’ ಸಾಹೇಬರು ನಗಲಿಲ್ಲ. ಊಟದ ವಿರಾಮದಲ್ಲಿ ಏನಾದರೂ ಮಾಡಿಕೊಳ್ಳಿ ಎಂದರು. ಅಂದಿನಿಂದ ನಮ್ಮ ಊಟದ ವಿರಾಮ ಯಾವಾಗ ಮುಗಿಯುತ್ತದೆ ಎಂಬುದನ್ನು ನಾನಿಲ್ಲಿ ಬರೆಯುವುದು ಕ್ಷೇಮವಲ್ಲ. ಎಂಟು ತಿಂಗಳಿಗೆ ಸಾಹೇಬರಿಗೆ ವರ್ಗವಾಯಿತು. ಬೀಳ್ಕೊಡುಗೆಯಲ್ಲಿ ಎರಡನೇ ಸಲ ಕೇಸರಿಬಾತ್ ಹಾಕಿಸಿಕೊಂಡರು.

ಹುಟ್ಟುಹಬ್ಬದ ವಿಷಯಕ್ಕೆ ಬರೋಣ. ಸರ್ಕಾರಿ ನೌಕರನಿಗೆ ಎರಡು ಹುಟ್ಟುಹಬ್ಬ ಇರುತ್ತವೆ, ಒಂದು ತಾಯಿ ಕೊಟ್ಟದ್ದು, ಇನ್ನೊಂದು ಹೆಡ್‌ಮಾಸ್ತರು ಕೊಟ್ಟದ್ದು. ನಮ್ಮ ತಲೆಮಾರಿನವರನ್ನು ಶಾಲೆಗೆ ಸೇರಿಸುವಾಗ ಜನನ ಪ್ರಮಾಣಪತ್ರ ಯಾರ ಹತ್ತಿರ ಇತ್ತು? ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಒಂದನೇ ಕ್ಲಾಸು. ವಯಸ್ಸು ಸರಿಹೋಗುವ ಹಾಗೆ ಲೆಕ್ಕ ಹಾಕಿ ಮಾಸ್ತರು ಜೂನ್ 1 ಎಂದು ಬರೆದುಕೊಂಡರೆ ಅದೇ ವಿಧಿಲಿಖಿತ. ಹೀಗಾಗಿ ನಮ್ಮ ಆಫೀಸಿನಲ್ಲಿ ಮೂರರಲ್ಲೊಂದು ಪಾಲು ಜನ ಒಂದೇ ದಿನ ಹುಟ್ಟಿದವರು. ಜೂನ್ 1ಕ್ಕೆ ಒಟ್ಟಿಗೆ ಒಂದು ಕೇಕು ಕತ್ತರಿಸಿ ಮುಗಿಸಿಬಿಟ್ಟರೆ ಎಷ್ಟು ಅಗ್ಗ! ರಾಯರು ಒಪ್ಪಲಿಲ್ಲ. ‘ಅದು ಮಾಸ್ತರ ಅನುಕೂಲ ಸಾರ್, ಹುಟ್ಟುಹಬ್ಬ ಅಲ್ಲ’ ಎಂದವರು ಒಬ್ಬೊಬ್ಬರ ನಿಜವಾದ ದಿನ ಹುಡುಕಲು ಕೂತರು. ಕಡತ ವಿಲೇವಾರಿಯಲ್ಲಿ ಇದರ ಕಾಲು ಭಾಗ ಶ್ರದ್ಧೆ ತೋರಿಸಿದ್ದರೆ ಇಷ್ಟು ಹೊತ್ತಿಗೆ ಮ್ಯಾನೇಜರ್ ಆಗಿರುತ್ತಿದ್ದರು.

ತಾಯಂದಿರಿಗೆ ಫೋನು ಮಾಡುತ್ತಾರೆ. ತಾಯಿ ಇಲ್ಲದವರ ಸೋದರತ್ತೆಗೆ ಮಾಡುತ್ತಾರೆ. ನಮ್ಮ ಡ್ರೈವರ್ ಸಾಹೇಬರ ತಾಯಿಗೆ ನೆನಪಿದ್ದದ್ದು ಇಷ್ಟೇ: ಊರ ಕೆರೆ ಕೋಡಿ ಬಿದ್ದ ವರ್ಷ, ಕೋಡಿ ನೋಡಲು ಎಲ್ಲರೂ ಹೋಗಿದ್ದಾಗ ಹೆರಿಗೆಯಾಯಿತು. ರಾಯರು ಸಣ್ಣ ನೀರಾವರಿ ಇಲಾಖೆಗೆ ಹೋಗಿ ಹಳೇ ರಿಜಿಸ್ಟರಿಗಾಗಿ ಅರ್ಧ ದಿನ ಕೂತು, ಅಲ್ಲಿನವರಿಂದ ಬೈಸಿಕೊಂಡು, ಕೊನೆಗೆ ಅವರದೇ ಬೀಳ್ಕೊಡುಗೆಯೊಂದಕ್ಕೆ ಹಾರ ತರುವ ಅಂಗಡಿ ತೋರಿಸಿಕೊಟ್ಟು ಬಂದರು. ದಿನ ಸಿಗಲಿಲ್ಲ. ಪ್ರತಿ ವರ್ಷ ಮೊದಲ ಜೋರು ಮಳೆ ಬಂದ ದಿನ ಡ್ರೈವರ್ ಸಾಹೇಬರ ಹುಟ್ಟುಹಬ್ಬ ಎಂದು ತೀರ್ಮಾನವಾಯಿತು. ಮಳೆ ಕೈಕೊಟ್ಟ ವರ್ಷ ಅವರಿಗೆ ವಯಸ್ಸಾಗುವುದಿಲ್ಲ.

ನನ್ನ ತಾಯಿಗೂ ಫೋನು ಹೋಯಿತು. ನಾನು ಎದುರಿಗೇ ಕೂತಿದ್ದೆ. ಸ್ಪೀಕರಿನಲ್ಲಿ ಅಮ್ಮ ಹೇಳಿದಳು: ಗೌರಿ ಹಬ್ಬದ ಹಿಂದಿನ ದಿನ, ಮೊರದ ಬಾಗಿನ ಕಟ್ಟುತ್ತಾ ಕೂತಿದ್ದಾಗ ನೋವು ಬಂತು, ಮೊರಕ್ಕೆ ಹಚ್ಚಿದ ಅರಿಶಿನ ಇನ್ನೂ ಒಣಗಿರಲಿಲ್ಲ. ರಾಯರು ‘ಹೌದೇನಮ್ಮಾ, ಆಮೇಲೆ?’ ಎನ್ನುತ್ತಾ ಹದಿನೈದು ನಿಮಿಷ ಮಾತಾಡಿಸಿದರು. ನಲವತ್ತೇಳು ವರ್ಷದಲ್ಲಿ ನಾನು ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ. ರಾಯರು ಫೋನು ಇಟ್ಟವರೇ ಒಂಟಿಕೊಪ್ಪಲ್ ಪಂಚಾಂಗ ತೆಗೆದರು. ‘ನಿಮ್ದು ತಿಥಿ ಪ್ರಕಾರ ಸಾರ್, ಪ್ರತಿ ವರ್ಷ ದಿನ ಬದಲಾಗುತ್ತೆ, ತಪ್ಪಿಸ್ಕೊಳ್ಳೋಕೆ ನೋಡ್ಬೇಡಿ’ ಎಂದು ಎಚ್ಚರಿಸಿದರು.

ರಾಯರು ಸೋತು ಕೂತದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. 2008ರಲ್ಲಿ ರಾಜ್ಯ ಸರ್ಕಾರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಇಡೀ ಆಫೀಸು ಲಡ್ಡು ಹಂಚಿತು. ಲಡ್ಡು ತರಿಸಿದವರೂ ಅವರೇ. ಸಂಜೆ ಕ್ಯಾಂಟೀನಿನಲ್ಲಿ ಒಬ್ಬರೇ ಕೂತು ಲೆಕ್ಕ ಹಾಕಿದಾಗ ವಿಷಯ ಹೊಳೆದಿದೆ: ಇನ್ನು ಎರಡು ವರ್ಷ ಯಾರೂ ವಯೋನಿವೃತ್ತಿ ಹೊಂದುವುದಿಲ್ಲ! ಆ ಎರಡು ವರ್ಷ ಅವರು ಬೇರೆ ಇಲಾಖೆಯ ವರ್ಗಾವಣೆಗಳಿಗೆಲ್ಲ ಹೋಗಿ ಹಾರ ಹಿಡಿದು ನಿಲ್ಲುತ್ತಿದ್ದರು, ಕೈ ರೂಢಿ ತಪ್ಪಬಾರದೆಂದು.

ಬೀಳ್ಕೊಡುಗೆ ಎಂದರೆ ರಾಯರ ಮಟ್ಟಿಗೆ ಶಾಸ್ತ್ರ. ಶಾಲು, ಹಣ್ಣಿನ ಬುಟ್ಟಿ, ಹಾವೇರಿಯಿಂದ ತರಿಸಿದ ಏಲಕ್ಕಿ ಹಾರ, ಮೈಸೂರು ಪೇಟ, ಬಿನ್ನವತ್ತಳೆ. ಸಾಹೇಬರಾಗಲಿ ಜವಾನರಾಗಲಿ ಅದೇ ಹಾರ, ಅದೇ ದರ. ಈ ಬಗ್ಗೆ ಒಂದಿಬ್ಬರು ಹಿರಿಯರು ಮುಖ ಕಿವುಚಿದ್ದುಂಟು. ರಾಯರು ಅವರ ಹೆಸರಿನ ಮುಂದೆ ಗೆರೆ ಎಳೆದು ಹೊಂಗೆ ಮರ ನೋಡಿದರು, ಮಾತು ಮುಗಿಯಿತು. ಶಾಲು, ಹಾರ, ಬುಟ್ಟಿ ಮನೆಗೆ ಹೋಗುತ್ತವೆ. ಪೇಟ ಮಾತ್ರ ಆಫೀಸಿನ ಆಸ್ತಿ. ಫೋಟೋ ಆದ ತಕ್ಷಣ ರಾಯರು ಅದನ್ನು ತಲೆಯಿಂದ ಮೆಲ್ಲಗೆ ಎತ್ತಿ, ಪಾಲಿಥಿನ್ ಕವರಿಗೆ ಹಾಕಿ, ಬೀರುವಿನ ಮೇಲಿನ ಅರೆಯಲ್ಲಿಟ್ಟು ಬೀಗ ಹಾಕುತ್ತಾರೆ. ದಪ್ಪ ತಲೆಯವರಿಗೆ ಅದು ಕುಕ್ಕರಿನ ಮುಚ್ಚಳದಂತೆ ಮೇಲೆ ಕೂರುತ್ತದೆ. ಸಣ್ಣ ತಲೆಯವರಿಗೆ ಒಳಗೆ ಹಳೇ ದಿನಪತ್ರಿಕೆ ತುರುಕುತ್ತಾರೆ.

ಬಿನ್ನವತ್ತಳೆ ಕಂಪ್ಯೂಟರಿನಲ್ಲಿ ನುಡಿಯಲ್ಲಿ ಟೈಪಾಗಿ ಸದಾ ಸಿದ್ಧ, ಹೆಸರು ಬದಲಾಯಿಸಿದರೆ ಸಾಕು. ಅದರ ಪ್ರಕಾರ ನಮ್ಮಲ್ಲಿ ನಿವೃತ್ತರಾದವರೆಲ್ಲರೂ ಅಜಾತಶತ್ರುಗಳು, ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳು. ಒಂದು ಸಲ ನಮ್ಮ ಶೀಘ್ರಲಿಪಿಗಾರ್ತಿ ಮೇಡಂ ನಿವೃತ್ತಿಗೆ ಹಿಂದಿನ ಜೀಪ್ ಡ್ರೈವರ ಪ್ರತಿಯನ್ನೇ ತೆಗೆದುಕೊಂಡರು. ಮೊದಲ ಎರಡು ಪ್ಯಾರಾ ತಿದ್ದಿದವರು ಮೂರನೆಯದನ್ನು ಮರೆತರು. ತುಂಬಿದ ಸಭೆಯಲ್ಲಿ, ಗದ್ಗದ ಕಂಠದಿಂದ, ‘ಮೂವತ್ತೆರಡು ವರ್ಷ ಒಂದೇ ಒಂದು ಅಪಘಾತವಿಲ್ಲದೆ ಇಲಾಖೆಯನ್ನು ಓಡಿಸಿದ ತಾವು’ ಎಂದು ಓದಿಬಿಟ್ಟರು. ಸಭೆ ಉಸಿರು ಹಿಡಿಯಿತು. ಮೇಡಂ ಮೈಕು ತೆಗೆದುಕೊಂಡು, ‘ರಾಯರು ಬಾಯ್ತಪ್ಪಿ ಆದ್ರೂ ಸತ್ಯ ಹೇಳಿದ್ರು’ ಎಂದರು. ಆ ಬಿನ್ನವತ್ತಳೆ ಅವರ ಮನೆಯ ನಡುಮನೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ, ತಿದ್ದಿಸಲು ಬಿಟ್ಟಿಲ್ಲ.

ಇನ್ನೊಂದು ವಾಕ್ಯ ಪ್ರತಿ ಭಾಷಣದಲ್ಲೂ ಬರುತ್ತದೆ: ‘ಇವರ ಸ್ಥಾನವನ್ನು ತುಂಬಲು ಸಾಧ್ಯವೇ ಇಲ್ಲ.’ ಇದು ಅಕ್ಷರಶಃ ನಿಜ. ನೇಮಕಾತಿ ಎಲ್ಲಿ ಆಗುತ್ತಿದೆ? ಹೋದವರ ಕುರ್ಚಿ ಖಾಲಿ ಉಳಿದು, ಅವರ ಕಡತಗಳು ‘ಹೆಚ್ಚುವರಿ ಪ್ರಭಾರ’ ಎಂಬ ಹೆಸರಿನಲ್ಲಿ ನನ್ನ ಮೇಜಿಗೆ ಬರುತ್ತವೆ. ಅದಕ್ಕೇ ನಾನು ಎಲ್ಲರಿಗಿಂತ ಹೆಚ್ಚು ಕಣ್ಣೀರು ಹಾಕುವುದು.

ಆಯುಧಪೂಜೆಯ ಕಥೆಯೂ ಒಂದಿದೆ. ಮಹಾನವಮಿ ರಜವಾದ್ದರಿಂದ ಆಫೀಸಿನ ಪೂಜೆ ಹಿಂದಿನ ದಿನವೇ. ಜೀಪಿನ ಚಕ್ರದಡಿ ನಿಂಬೆಹಣ್ಣು, ಬಾಗಿಲಲ್ಲಿ ಬೂದುಗುಂಬಳ, ಎಲ್ಲರ ಕೈಯಲ್ಲಿ ಕಡ್ಲೆಪುರಿ ಪೊಟ್ಟಣ. ಪ್ರಿಂಟರು, ಸ್ಟೇಪ್ಲರು, ಕಾಗದ ತೂತು ಮಾಡುವ ಪಂಚು, ಯಾವುದನ್ನೂ ರಾಯರು ಬಿಡುವುದಿಲ್ಲ. ಆ ವರ್ಷ ಹೊಸದಾಗಿ ಬಂದಿದ್ದ ಹಾಜರಾತಿಯ ಬಯೋಮೆಟ್ರಿಕ್ ಯಂತ್ರಕ್ಕೂ, ಬೆರಳಿಡುವ ಗಾಜಿನ ಮೇಲೇ, ಮೂರು ಪಟ್ಟೆ ವಿಭೂತಿ ಎಳೆದು ನಡುವೆ ಕುಂಕುಮದ ಬೊಟ್ಟಿಟ್ಟರು. ಹಬ್ಬ ಮುಗಿಸಿ ಬಂದ ದಿನ ಯಂತ್ರ ಯಾರನ್ನೂ ಗುರುತಿಸಲಿಲ್ಲ. ಸಾಹೇಬರೂ ಸೇರಿದಂತೆ ಇಡೀ ಕಚೇರಿ ಗೈರುಹಾಜರಿ. ಅದನ್ನು ಸರಿಮಾಡಲು ಬಂದ ಹುಡುಗನಿಗೆ ಕೊಟ್ಟ 600 ರೂಪಾಯಿ ರಾಯರ ಪುಸ್ತಕದಲ್ಲಿ ಹೀಗೆ ದಾಖಲಾಗಿದೆ: ‘ದೇವರ ಕಣ್ಣು ಒರೆಸಿದ್ದಕ್ಕೆ.’

ಆ ಪುಸ್ತಕವನ್ನು ನಾನು ಒಮ್ಮೆ ಕದ್ದು ನೋಡಿದ್ದೇನೆ. ಕದ್ದು ಎಂದರೆ, ರಾಯರು ಕೈತೊಳೆಯಲು ಹೋದಾಗ. ಕಳೆದ ವರ್ಷ ನಾನು ಕೊಟ್ಟದ್ದು ಒಟ್ಟು 3,150 ರೂಪಾಯಿ. ಇದರಲ್ಲಿ ನಾನು ತಿಂದದ್ದೆಷ್ಟು ಎಂದು ಮನಸ್ಸಿನಲ್ಲೇ ಕೂಡಿಸತೊಡಗಿ, ಬೋಂಡಾ ಲೆಕ್ಕದಲ್ಲಿ ನನಗೇ ಮುಜುಗರವಾಗಿ ಬಿಟ್ಟೆ. ಹೊರಗುತ್ತಿಗೆಯ ಡಾಟಾ ಎಂಟ್ರಿ ಹುಡುಗರ, ಕಸ ಗುಡಿಸುವ ಅಕ್ಕಂದಿರ ಹೆಸರುಗಳೂ ಇದ್ದವು. ಅವರ ಮುಂದೆ ಗೆರೆ ಇಲ್ಲ, ಸಣ್ಣಕ್ಷರದಲ್ಲಿ ‘ಊಟಕ್ಕೆ ಕರೆಯುವುದು’ ಎಂದಿದೆ. ಪ್ರತಿ ಪುಟದ ಕೊನೆಗೆ ಉಳಿಕೆ: 13 ರೂ., 7 ರೂ., 22 ರೂ. ಪೈಸೆ ಬಿಡದೆ ಮುಂದಿನ ಪುಟಕ್ಕೆ.

ಒಂದು ಪುಟಕ್ಕೆ ತಲೆಬರಹವೇ ಇರಲಿಲ್ಲ. ನೋಡಿದ ಕೂಡಲೇ ಗೊತ್ತಾಯಿತು. ಆ ಡಾಟಾ ಎಂಟ್ರಿ ಹುಡುಗರಲ್ಲೊಬ್ಬ ಬೈಕಿನಿಂದ ಬಿದ್ದು ಆಸ್ಪತ್ರೆ ಸೇರಿದ ವಾರದ್ದು ಅದು. ಅವತ್ತು ರೆಕಾರ್ಡ್ ರೂಮಿಗೆ ಯಾರೂ ಹೋಗಿರಲಿಲ್ಲ. ರಾಯರು ಪೆನ್ನಿನ ಕ್ಯಾಪು ತೆಗೆಯುವ ಮೊದಲೇ ಜನ ಮೇಜಿನ ಮೇಲೆ ದುಡ್ಡಿಟ್ಟಿದ್ದರು. ಶುಗರ್ ಇದ್ದವರು, ಚಿಲ್ಲರೆ ಇಲ್ಲದವರು, ಎಲ್ಲರೂ. ಆ ಪುಟದಲ್ಲಿ ಖಾಲಿ ಗೆರೆ ಒಂದೂ ಇಲ್ಲ. ಹುಡುಗ ಈಗ ಓಡಾಡುತ್ತಾನೆ, ಸ್ವಲ್ಪ ಕುಂಟುತ್ತಾನೆ. ಹಾರ ತರಲು ಬಸ್‌ಸ್ಟ್ಯಾಂಡಿಗೆ ಹೋಗುವವನು ಅವನೇ.

ಇಂಥ ಬರಹ ಇಲ್ಲಿಗೆ ಬಂದಾಗ ರಾಯರೇ ನಿವೃತ್ತರಾಗಬೇಕು, ಅವರ ಬೀಳ್ಕೊಡುಗೆಗೆ ವಂತಿಗೆ ಎತ್ತುವವರಿಲ್ಲದೆ ನಾವೆಲ್ಲ ಗಂಟಲು ಕಟ್ಟಿ ನಿಲ್ಲಬೇಕು ಎಂದು ನೀವು ಕಾದಿದ್ದರೆ ಕ್ಷಮಿಸಿ. ಅವರಿಗೆ ಇನ್ನೂ 4 ವರ್ಷ ಸರ್ವೀಸಿದೆ. ಜೂನ್ 1ರಂದು ಹುಟ್ಟಿದವರು ನಿಯಮದ ಪ್ರಕಾರ ಮೇ 31ಕ್ಕೇ ನಿವೃತ್ತರಾಗುತ್ತಾರೆ. ಈ ಸಲ ನಮ್ಮಲ್ಲಿ ಅಂಥವರು ಮೂವರು. ತಲೆಗೆ ಇನ್ನೂರರಂತೆ ನನ್ನ ಪಾಲು 600, ಕೊಟ್ಟಾಗಿದೆ. ಪೇಟ ಒಂದೇ ಇರುವುದರಿಂದ ಮೂವರೂ ಸರದಿಯಲ್ಲಿ ಹಾಕಿಕೊಳ್ಳತಕ್ಕದ್ದು ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ.