ಊರಾ, ಕ್ಯಾಂಪಾ?

ನಮ್ಮ ಸಿಂಧನೂರಿನಲ್ಲಿ ಹೊಸಬರು ಸಿಕ್ಕರೆ ಹೆಸರಿಗಿಂತ ಮೊದಲು ಕೇಳುವುದು ಇದನ್ನೇ: "ನಿಮ್ದು ಊರಾ, ಕ್ಯಾಂಪಾ?" ಬೇರೆ ಸೀಮೆಯವರಿಗೆ ಈ ಪ್ರಶ್ನೆ ತಿಳಿಯುವುದಿಲ್ಲ. ಕ್ಯಾಂಪ್ ಎಂದರೆ ನಾಲ್ಕು ದಿನ ಡೇರೆ ಹೊಡೆದು ಎತ್ತಂಗಡಿ ಮಾಡುವ ಜಾಗ ಎಂದುಕೊಳ್ಳುತ್ತಾರೆ. ಇಲ್ಲಿಯ ಕ್ಯಾಂಪುಗಳಿಗೆ ಎಪ್ಪತ್ತು ವರ್ಷವಾಗುತ್ತ ಬಂತು. ಅಲ್ಲಿ ರಾಮಮಂದಿರಗಳಿವೆ, ಶಾಲೆಗಳಿವೆ, ಅಂದು ಕಂಕುಳಲ್ಲಿ ಬಂದ ಕೂಸುಗಳು ಇಂದು ಮರಿಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿವೆ. ಆದರೂ ಹೆಸರು ಕ್ಯಾಂಪೇ.

ನಮ್ಮ ಮನೆಯ ಎಡಕ್ಕೆ ಅಂಥ ಕ್ಯಾಂಪಿನಿಂದ ಬಂದು ಮನೆ ಕಟ್ಟಿಕೊಂಡವರು ಇದ್ದಾರೆ. ಬಲಕ್ಕೆ ಲಿಂಗಸುಗೂರು ತಾಲೂಕಿನವರು, ಮುದಗಲ್ಲಿನ ಆಚೆಯವರು. ಎರಡೂ ಕಡೆ ಬೇಲಿ ಎದೆಮಟ್ಟ. ಬೆಳಗಿನ ಚಹಾ ಹಿಡಿದು ಅಲ್ಲಿ ನಿಂತೆವೆಂದರೆ ಬಿಸಿಲು ಏರುವವರೆಗೂ ಮಾತು. ಮೊನ್ನೆ ಬಲಗಡೆಯ ಅಕ್ಕ ಪುಂಡಿಪಲ್ಲೆ ಸೋಸುತ್ತ ಕೇಳಿದಳು: "ಮಾಸ್ತರ್ರ, ಮತ್ತ ಜನಗಣತಿ ಬಂತಂತಲ್ರೀ. ನಮ್ಮ ಹುಡುಗ್ರು ಬೆಂಗ್ಳೂರಾಗ ಅದಾರ. ಅವರನ್ನ ಎಲ್ಲಿ ಬರ್ಕೊಂತಾರ?"

1991, 2001, 2011, ಹೀಗೆ ಮೂರು ಗಣತಿಗೆ ಪಟ್ಟಿ ಹಿಡಿದು ಮನೆಮನೆ ತಿರುಗಿದವನು ನಾನು. ನಿಯಮ ಬಾಯಿಪಾಠವಾಗಿದೆ. 2011ರಲ್ಲಿ ಫೆಬ್ರುವರಿ 9ರಿಂದ 28ರವರೆಗೆ ಎಣಿಕೆ. ಆ ಇಪ್ಪತ್ತು ದಿನ ಒಮ್ಮೆಯೂ ಮನೆಗೆ ಬಾರದವರನ್ನು ಮನೆಯ ಲೆಕ್ಕಕ್ಕೆ ಸೇರಿಸುವಂತಿಲ್ಲ, ಅವರು ಎಲ್ಲಿದ್ದಾರೋ ಅಲ್ಲಿ ಬರೆಯಬೇಕು. 28ರ ರಾತ್ರಿ ಬಸ್ ನಿಲ್ದಾಣ, ಗುಡಿಯ ಕಟ್ಟೆಗಳಲ್ಲಿ ಮಲಗಿದವರ ಎಣಿಕೆ. ಮಾರ್ಚ್ 1ರ ಮೊದಲ ಗಳಿಗೆಗೆ ಲೆಕ್ಕ ನಿಲ್ಲಬೇಕು. ಮುಂದಿನ ಗಣತಿಗೂ 2027ರ ಮಾರ್ಚ್ 1 ಎಂದೇ ಗೊತ್ತಾಗಿದೆ.

"ಹಂಗಾರ ನನ್ನ ಮಕ್ಳು ಬೆಂಗ್ಳೂರವ್ರಾದ್ರು," ಅಂದಳು ಅಕ್ಕ. ಮುಂದೆ ಮಾತಾಡಲಿಲ್ಲ, ಪಲ್ಲೆಯ ಕಡೆ ನೋಡುತ್ತ ಕೂತಳು.

ನನಗೂ ಮನಸ್ಸು ಚುರುಕ್ಕೆಂದಿತು. ಫೆಬ್ರುವರಿ ಎಂದರೆ ನಮ್ಮ ಖುಷ್ಕಿ ಹಳ್ಳಿಗಳಲ್ಲಿ ಎಂಥ ತಿಂಗಳು? ತೊಗರಿ ಮುಗಿದಿರುತ್ತದೆ, ಹತ್ತಿ ಬಿಡಿಸಿ ಆಗಿರುತ್ತದೆ, ಲಿಂಗಸುಗೂರು–ಮಸ್ಕಿ ಕಡೆಯ ಜನ ಗಂಟುಮೂಟೆ ಕಟ್ಟಿ ಗುಳೆ ಹೋಗಿರುತ್ತಾರೆ. 2001ರಲ್ಲಿ ಮಸ್ಕಿ ಹತ್ತಿರದ ಹಳ್ಳಿಯೊಂದರ ಒಂದು ಓಣಿ ನನ್ನ ಪಾಲಿಗೆ ಬಂದಿತ್ತು. ಸಾಲಾಗಿ ಒಂಬತ್ತು ಬಾಗಿಲಿಗೆ ಕೀಲಿ. ಹತ್ತನೆಯ ಮನೆಯ ಮುದುಕಿಯೊಬ್ಬಳು ಜಗುಲಿಯ ಮೇಲೆ ಕೂತು ಆ ಒಂಬತ್ತೂ ಮನೆಯವರ ಹೆಸರನ್ನು, ಮಕ್ಕಳ ವಯಸ್ಸನ್ನು, ಯಾರ ಸೊಸೆ ಬಸುರಿ ಎಂಬುದನ್ನೂ ಹೇಳಿದಳು. ಬರೆದುಕೊಳ್ಳುವ ಹಾಗಿರಲಿಲ್ಲ. ಅದೇ ತಿಂಗಳು ಇತ್ತ ಸಿಂಧನೂರಿನ ಕಾಲುವೆ ಬದಿಗೆ ಬಂದರೆ ಎರಡನೇ ಬೆಳೆಯ ನಾಟಿ. ಟಂಟಂ ತುಂಬ ಹೆಣ್ಣುಮಕ್ಕಳು, ಗದ್ದೆ ತುಂಬ ಹಾಡು.

2011ರ ಲೆಕ್ಕದಲ್ಲಿ ರಾಯಚೂರು ಜಿಲ್ಲೆಯ ಜನ 19,28,812. ಚದರ ಕಿಲೋಮೀಟರಿಗೆ 228. ರಾಜ್ಯಕ್ಕೆ ಹಿಡಿದರೆ 319. ಈ 228ರಲ್ಲಿ ಅಂಥ ಕೀಲಿ ಹಾಕಿದ ಓಣಿಗಳೂ ಸೇರಿವೆ, ಅಂಥ ಟಂಟಮ್ಮಿನ ಹೆಣ್ಣುಮಕ್ಕಳೂ ಸೇರಿದ್ದಾರೆ.

ಎಡಗಡೆಯ ಅಮ್ಮನಿಗೆ ನಮ್ಮ ಮಾತು ಕೇಳಿಸಿತ್ತು. ಮಲ್ಲಿಗೆ ಬಳ್ಳಿಗೆ ನೀರು ಹಾಕುವುದನ್ನು ನಿಲ್ಲಿಸಿ ಕೇಳಿದರು: "ಉತ್ತರಕ್ಕ ಕೃಷ್ಣಾ, ದಕ್ಷಿಣಕ್ಕ ತುಂಗಭದ್ರಾ. ಎರಡು ಹೊಳಿ ನಡುವ ಇದ್ಕೊಂಡು ನಿಮ್ಮ ಮಂದಿ ಯಾಕ ಗುಳೇ ಹೋಗ್ಬೇಕು?"

ಒಳ್ಳೆಯ ಪ್ರಶ್ನೆ. ಎರಡು ತೊರೆಗಳ ನಡುವಿನ ನಾಡೆಂದೇ ಶಾಸನಗಳು ನಮ್ಮ ಸೀಮೆಯನ್ನು ಎಡೆದೊರೆ ಎಂದವು. ಆದರೆ ಹೊಳೆ ತಗ್ಗಿನಲ್ಲಿದೆ, ಹೊಲ ದಿಬ್ಬದ ಮೇಲಿದೆ. ಜಲದುರ್ಗದ ಕೋಟೆಯ ಮೇಲೆ ನಿಂತರೆ ಕೃಷ್ಣೆ ಕವಲೊಡೆದು ಬಂಡೆಗಳ ನಡುವೆ ಕೆಳಗೆಲ್ಲೋ ಭೋರ್ಗರೆಯುತ್ತಾಳೆ. ಸೈನ್ಯ ಇಡುವ ರಾಜನಿಗೆ ಅದು ಒಳ್ಳೆಯ ಜಾಗ. ಜೋಳ ಬಿತ್ತುವವನಿಗೆ ಆ ನೀರು ಕಣ್ಣಿಗೆ ಮಾತ್ರ ಸಿಕ್ಕುತ್ತದೆ. ಕಾಣುವ ನೀರು ಬೇರೆ, ಹತ್ತುವ ನೀರು ಬೇರೆ. ಜನ ನೆಲೆ ನಿಲ್ಲುವುದು ಹತ್ತುವ ನೀರಿನ ಪಕ್ಕದಲ್ಲಿ.

ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ದನ ಕಾಯುತ್ತಿದ್ದವರು ಹೊಳೆದಂಡೆಗಿಂತ ಗುಡ್ಡದ ಬುಡವನ್ನೇ ಹೆಚ್ಚು ನೆಚ್ಚಿದರು. ಮುದಗಲ್ಲಿನ ಹತ್ತಿರದ ಪಿಕಳಿಹಾಳವನ್ನು ಪುರಾತತ್ವಜ್ಞ ಆಲ್ಚಿನ್ ಅಗೆದು 1960ರಲ್ಲಿ ಪುಸ್ತಕ ಬರೆದರು. ಬಂಡೆಗಳ ನಡುವಿನ ಮಟ್ಟಸ ಜಾಗದಲ್ಲಿ ಗುಡಿಸಲು, ಪಕ್ಕದಲ್ಲಿ ದನದ ದೊಡ್ಡಿ, ಬಂಡೆಯ ಮೇಲೆ ಗೂಳಿಯ ಚಿತ್ರ. ಕಲ್ಲಿನ ದೊಣೆಯಲ್ಲಿ ಮಳೆನೀರು ನಿಲ್ಲುತ್ತದೆ, ಗುಡ್ಡದಿಂದ ಇಳಿದ ಹಸಿ ಬುಡದ ಮಸಾರಿ ಮಣ್ಣಿನಲ್ಲಿ ಉಳಿಯುತ್ತದೆ, ಹುರುಳಿ, ಹೆಸರು, ಸಣ್ಣ ಕಾಳು ಬೆಳೆದುಕೊಳ್ಳಬಹುದು. ಎರೆ ನೆಲ ಅವರ ಕಲ್ಲಿನ ಸಲಕರಣೆಗೆ ಬಗ್ಗುವಂಥದ್ದಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರುಕು, ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು. ಕಬ್ಬಿಣ ಬಂದ ಮೇಲೆ, ನೇಗಿಲಿಗೆ ಹಲವು ಜೋಡಿ ಎತ್ತು ಹೂಡುವ ಕಾಲ ಬಂದ ಮೇಲೆ ಎರೆ ಮೆತ್ತಗಾಯಿತು.

ಮಸ್ಕಿಯದು ಇನ್ನೂ ಬೇರೆ ಕಥೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಬಂಗಾರದ ಅದಿರು ಹುಡುಕುತ್ತ ಗುಡ್ಡ ಹತ್ತಿದ. ಸಿಕ್ಕಿದ್ದು ಅಶೋಕನ ಶಾಸನ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇತ್ತು, ಇಲ್ಲಿ ಅಶೋಕ ಎಂಬ ಹೆಸರೇ ಇತ್ತು. ಪಾಟಲಿಪುತ್ರದ ಅರಸ ಇಷ್ಟು ದೂರದ ಕಲ್ಲಿನ ಮೇಲೆ ಯಾಕೆ ಬರೆಸಿದ? ಬಂಗಾರಕ್ಕಾಗಿಯೇ ಈ ಕಡೆ ಮೌರ್ಯರ ಕಣ್ಣು ಇತ್ತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ನನಗೆ ಅದರಷ್ಟೇ ಮುಖ್ಯವಾಗಿ ಕಾಣುವುದು ಇನ್ನೊಂದು: ಓದಿ ಹೇಳಿದರೆ ಕೇಳಲು ಮಂದಿ ಇಲ್ಲದ ಕಡೆ ಯಾವ ಅರಸನೂ ಕಲ್ಲು ಕೆತ್ತಿಸುವುದಿಲ್ಲ. ಇಂದು ತಾಲೂಕು ಕೇಂದ್ರವಾಗಿ ಬೋರ್ಡು ಹಾಕಿಕೊಂಡ ಮಸ್ಕಿಯಲ್ಲಿ ಅಂದೇ ಜನ ನೆರೆದಿದ್ದರು. ಪಕ್ಕದ ಹಟ್ಟಿಯಲ್ಲಿ ಪ್ರಾಚೀನರು ಬಂಗಾರಕ್ಕಾಗಿ ಆಳಕ್ಕೆ ತೋಡಿದ ಗುಣಿಗಳು ಸಿಕ್ಕಿವೆ, ಅದೇ ಹಟ್ಟಿಯ ಗಣಿಯಲ್ಲಿ ಇಂದಿಗೂ ಪಾಳಿಯ ಸೈರನ್ ಕೂಗುತ್ತದೆ. 2001ರಲ್ಲಿ ಕೋಲಾರದ ಗಣಿ ಮುಚ್ಚಿದಾಗ ಆ ಊರಿನ ಜನ ದಿನಾ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ನೆಲದ ಕೆಳಗಿನದನ್ನು ನಂಬಿದ ಊರಿಗೆ ಆ ಭಯ ಯಾವತ್ತೂ ಇದ್ದದ್ದೇ.

ಕಚೇರಿಯನ್ನು ನಂಬಿದ ಊರಿಗೂ ಇದೆ. ಲಿಂಗಸುಗೂರು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿತ್ತು, ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿ ಅಲ್ಲಿತ್ತು. 1905ರಲ್ಲಿ ಆ ಜಿಲ್ಲೆಯನ್ನೇ ತೆಗೆದು ಲಿಂಗಸುಗೂರನ್ನು ರಾಯಚೂರಿಗೆ ಸೇರಿಸಿದರು. ದಂಡು ಹೋಯಿತು, ದಫ್ತರು ಹೋಯಿತು, ಸಂತೆ ಮಾತ್ರ ಉಳಿಯಿತು.

"ನಮ್ಮ ಅತ್ತಿ ಬಂದಾಗ ಇಲ್ಲಿ ಮರ ಅಂಬೋದು ಇರ್ಲಿಲ್ಲಂತ," ಎಂದರು ಎಡಗಡೆಯ ಅಮ್ಮ. ಗುಂಟೂರು ಸೀಮೆಯ ಆ ಅತ್ತೆ ರಾಯಚೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಲಾರಿಯಲ್ಲಿ, ಮಡಿಲಲ್ಲಿ ಬತ್ತದ ಬೀಜ ಕಟ್ಟಿಕೊಂಡು ಬಂದವರು. ಕೃಷ್ಣಾ, ಗೋದಾವರಿ ಅಣೆಕಟ್ಟುಗಳ ಕೆಳಗೆ 1850ರ ದಶಕದಿಂದಲೇ ಕಾಲುವೆ ನೀರು ಕಂಡ ಜನ ಅವರು. ನೂರು ವರ್ಷದಲ್ಲಿ ಅಲ್ಲಿ ಮನೆತನಗಳು ಬೆಳೆದವು, ಹೊಲ ಹರಿದು ತುಂಡಾಯಿತು. ಇತ್ತ 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿತು. 227 ಕಿಲೋಮೀಟರಿನ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳ ಎರೆಯನ್ನು ಸೀಳಿಕೊಂಡು ಬಂತು. ನಮ್ಮವರ ಕೈಯಲ್ಲಿ ನೂರಾರು ಎಕರೆ ಖುಷ್ಕಿ ಇತ್ತು, ನೆಲ ಮಟ್ಟ ಮಾಡಿ ಬದು ಕಟ್ಟಿ ನೀರು ನಿಲ್ಲಿಸುವ ವಿದ್ಯೆ ಇರಲಿಲ್ಲ, ಅದಕ್ಕೆ ಬೇಕಾದ ರೊಕ್ಕವೂ ಇರಲಿಲ್ಲ. ಅಲ್ಲಿ ಒಂದೆರಡು ಎಕರೆ ಮಾರಿದವರು ಇಲ್ಲಿ ಅದರ ಹಲವು ಪಟ್ಟು ಕೊಂಡರು.

ಊರಿಗೂ ಕ್ಯಾಂಪಿಗೂ ಆಕಾರದಲ್ಲೇ ವ್ಯತ್ಯಾಸ ಕಾಣುತ್ತದೆ. ಎರೆ ಸೀಮೆಯ ಹಳೆಯ ಊರೆಂದರೆ ಒಂದಕ್ಕೊಂದು ಬೆನ್ನು ಹಚ್ಚಿದ ಮಣ್ಣಿನ ಮಾಳಿಗೆ ಮನೆಗಳು, ಊರ ಬಾಯಿಗೆ ಅಗಸಿ, ಪಕ್ಕದಲ್ಲಿ ಒಂದೇ ಒಂದು ಸಿಹಿನೀರಿನ ಬಾವಿ ಅಥವಾ ಕೆರೆ. ಎಲ್ಲೆಂದರಲ್ಲಿ ತೋಡಿದರೆ ಉಪ್ಪು ನೀರು, ಹಾಗಾಗಿ ಸಿಹಿನೀರು ಸಿಕ್ಕಲ್ಲಿಯೇ ಎಲ್ಲರೂ ಮುದ್ದೆಯಾಗಿ ಕೂತರು. ಮುಂದಿನ ಊರು ಎರಡು ಹರದಾರಿ ಆಚೆ. ಮಲೆನಾಡಿಗೆ ಹೋದಾಗ ನನಗೆ ಆಶ್ಚರ್ಯವಾಗಿತ್ತು, ಅಲ್ಲಿ ಮನೆಗೊಂದು ಹಳ್ಳ, ಹಳ್ಳಕ್ಕೊಂದು ತೋಟ, ಊರೆಂಬುದು ಕಣ್ಣಿಗೆ ಒಮ್ಮೆಲೇ ಕಾಣುವುದೇ ಇಲ್ಲ. ಕ್ಯಾಂಪು ಇವೆರಡೂ ಅಲ್ಲ. ಕಾಲುವೆ ಹೇಗೆ ಹೋಗಿದೆಯೋ ಹಾಗೆ ನೆಟ್ಟಗೆ ಸಾಲುಮನೆ, ತೆಂಗಿನಮರ, ತನ್ನ ಗದ್ದೆ ತನ್ನ ಬಾಗಿಲಿಗೆ ಕಾಣುವಂತೆ. ವಿಳಾಸ ಕೇಳಿದರೆ ಡಿಸ್ಟ್ರಿಬ್ಯೂಟರಿಯ ನಂಬರು ಹೇಳುತ್ತಾರೆ.

ಎಲ್ಲರೂ ತಾವಾಗಿ ಆರಿಸಿಕೊಂಡು ಬಂದವರಲ್ಲ. ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳ, ಅಂದರೆ ಪುನರ್ವಸತಿ ಕ್ಯಾಂಪುಗಳ, ಬಂಗಾಳಿಗಳನ್ನು 1970ರ ದಶಕದ ಆರಂಭದಲ್ಲಿ ಸರಕಾರವೇ ಕರೆತಂದು ನೆಲೆ ಕೊಟ್ಟಿತು. ಪೂರ್ವ ಪಾಕಿಸ್ತಾನದಲ್ಲಿ ಮನೆಮಠ ಕಳೆದುಕೊಂಡ ನಿರಾಶ್ರಿತರು. ದೋಣಿಯಲ್ಲಿ ಓಡಾಡಿದವರು ಎರೆಯ ಬಿಸಿಲಿಗೆ ಬಂದಿಳಿದರು. ಇಂದು ಅವರ ಮೊಮ್ಮಕ್ಕಳು ಶಂಖದ ಬಳೆ ತೊಟ್ಟ ಅಜ್ಜಿಯ ಜೊತೆ ಬಂಗಾಳಿ, ಗೆಳೆಯರ ಜೊತೆ ನಮ್ಮದೇ ರಾಯಚೂರು ಕನ್ನಡ ಮಾತಾಡುತ್ತಾರೆ. ಪೌರತ್ವದ ಪತ್ರ ಅವರಲ್ಲಿ ಕೆಲವರಿಗೆ ಸಿಕ್ಕಿದ್ದು 2024ರಲ್ಲಿ. ಐವತ್ತು ವರ್ಷ ಒಂದೇ ನೆಲ ಉತ್ತವರಿಗೆ ಈ ನೆಲದವರೆಂದು ಬರೆದುಕೊಡಲು ಅಷ್ಟು ಕಾಲ ಬೇಕಾಯಿತೆಂಬುದು ನನಗೆ ಇಂದಿಗೂ ಸಂಕಟ. ಇನ್ನೊಂದು ಮಾತನ್ನೂ ಮರೆಯಬಾರದು. ನಮಗೆ ನೀರು ಹತ್ತುವ ಸಲುವಾಗಿ ಹೊಸಪೇಟೆಯ ಹಿನ್ನೀರಿನಲ್ಲಿ ಸುಮಾರು 90 ಹಳ್ಳಿ ಮುಳುಗಿದವು. ಆ ಊರುಗಳ ದೇವರನ್ನು ಗಾಡಿಯ ಮೇಲೆ ಹೇರಿಕೊಂಡು ಹೋದವರಿಗೆ ನಾವು ಋಣಿಗಳು.

ಬಲಗಡೆಯ ಅಕ್ಕ ಈಗ ತಲೆ ಎತ್ತಿದಳು. "ಕಾಲುವಿ ನಮ್ಮ ಕಡೀನೂ ಬಂದೈತ್ರೀ. ಬಂದದ್ದು ಎಲ್ರಿಗೂ ಮುಟ್ಟಿಲ್ಲ."

ನಿಜ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿಯಿತು, ಆಮೇಲೆ ಅದರ ಬಲದಂಡೆ ಕಾಲುವೆ ಲಿಂಗಸುಗೂರು, ದೇವದುರ್ಗಗಳಿಗೆ ಹರಿಯಿತು. ಎತ್ತರದ ಹೊಲಗಳು, ಮಸ್ಕಿ ಕಡೆಯ ಎಷ್ಟೋ ಹಳ್ಳಿಗಳು ಹೊರಗೇ ಉಳಿದವು. 5ಎ ಕಾಲುವೆ ಕೊಡಿ ಎಂದು ಪಾಮನಕಲ್ಲೂರಿನಲ್ಲಿ ರೈತರು 2020–21ರಲ್ಲಿ ತಿಂಗಳುಗಟ್ಟಲೆ ಧರಣಿ ಕೂತದ್ದು ಇದಕ್ಕೇ. ಅವರು ಕೇಳಿದ್ದು ಮಕ್ಕಳು ಊರಲ್ಲೇ ಉಳಿಯುವ ಒಂದು ದಾರಿ. ಅದರ ಜೊತೆ ನಮ್ಮ ತಪ್ಪನ್ನೂ ಹೇಳಬೇಕು. ಎಡದಂಡೆ ಕಾಲುವೆ ಹಾಕುವಾಗ ಹೆಚ್ಚಿನ ನೆಲಕ್ಕೆ ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಎಂದು ಲೆಕ್ಕ ಹಾಕಿದ್ದರು. ಮೇಲುಭಾಗದಲ್ಲಿ ಊರು, ಕ್ಯಾಂಪು ಎರಡೂ ಕೂಡಿ ಬತ್ತವನ್ನೇ ಹಚ್ಚಿದೆವು. ಕಾಲುವೆಯ ಕೊನೆಯ ಮಾನ್ವಿ, ರಾಯಚೂರಿನ ರೈತ ಒಣಗಿದ ತೂಬಿನ ಮುಂದೆ ನಿಂತ. ಆತನೂ ಬೆಂಗಳೂರಿನ ಬಸ್ಸು ಹತ್ತಿದ.

ಆ ಬಸ್ಸುಗಳನ್ನು ನಾನು ನೋಡುತ್ತ ಬಂದಿದ್ದೇನೆ. ಲಿಂಗಸುಗೂರು ನಿಲ್ದಾಣದಲ್ಲಿ ಸಂಜೆ ಹೊತ್ತು ಜೋಳದ ಹಿಟ್ಟಿನ ಚೀಲ, ಸುತ್ತಿದ ಹಾಸಿಗೆ, ಹಂಚು, ಕೊಡ. ಒಬ್ಬ ಮೊದಲು ಹೋಗಿರುತ್ತಾನೆ, ಮೇಸ್ತ್ರಿಯ ಪರಿಚಯ ಮಾಡಿಕೊಂಡಿರುತ್ತಾನೆ, ಅವನ ಹಿಂದೆ ಅವನ ಓಣಿಯೇ ಹೋಗುತ್ತದೆ. ಬೆಂಗಳೂರಿನ ತಗಡಿನ ಶೆಡ್ಡುಗಳ ಸಾಲಿನಲ್ಲಿ ನಡೆದರೆ ಒಂದು ಸಾಲು ಒಂದೇ ಊರಿನದು, ರೊಟ್ಟಿ ಬಡಿಯುವ ಸದ್ದು ಕೇಳಿ ಗುರುತು ಹಿಡಿಯಬಹುದು. ಗುಂಟೂರಿನಿಂದ ಇಲ್ಲಿಗೆ ಬಂದವರೂ ಹೀಗೇ ಬಂದದ್ದು. ಮೊದಲು ಒಬ್ಬ, ಆಮೇಲೆ ಅವನ ಷಡ್ಡಕ, ಆಮೇಲೆ ಅರ್ಧ ಊರು. ಅವರ ಕೈಯಲ್ಲಿ ಹೊಲ ಕೊಳ್ಳುವಷ್ಟು ರೊಕ್ಕ ಇತ್ತು, ಇವರ ಕೈಯಲ್ಲಿ ಹಿಟ್ಟಿನ ಚೀಲ ಇದೆ. ಹಾಗಾಗಿ ಅವರದು ಕ್ಯಾಂಪಾಗಿ ನಿಂತಿತು, ಇವರದು ಶೆಡ್ಡಾಗಿ ಪ್ರತಿ ಕಟ್ಟಡ ಮುಗಿದಾಗ ಕಿತ್ತುಹೋಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಓಣಿಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ತಿಂಗಳೂ ಆಗದ ನಾಟಿ ಗದ್ದೆಯಲ್ಲಿತ್ತು. ಎಡಗಡೆಯ ಅಮ್ಮ ಬೇಲಿ ಹಿಡಿದು ನಿಂತು, "ನೀರು ಹೋದ್ರ ನಾವು ಮತ್ತ ಎಲ್ಲಿಗಿ ಹೋಗೋದು ಮಾಸ್ತರ್ರ?" ಎಂದಿದ್ದರು. ಬಲಗಡೆಯ ಅಕ್ಕ ಬೇಲಿ ಸುತ್ತಿಕೊಂಡು ಹೋಗಿ ಅವರ ಪಕ್ಕದಲ್ಲಿ ಕೂತಿದ್ದಳು. ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಇಳಿಸಿದ ಸುದ್ದಿ ಬಂದ ದಿನ ಇಬ್ಬರೂ ಕೂಡಿ ಹೋಳಿಗೆ ಮಾಡಿದರು.

ಮೊನ್ನೆಯ ಮಾತು ಮುಗಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಸೋಸಿದ ಪಲ್ಲೆಯ ಅರ್ಧವನ್ನು ಅಕ್ಕ ಬೇಲಿಯ ಮೇಲಿಂದ ಕೊಟ್ಟಳು. ಅದರ ಜೊತೆ ಒಂದು ಕೀಲಿಕೈ. ಸೊಸೆಯ ಹೆರಿಗೆ ಹತ್ತಿರ ಬಂದಿದೆ, ಎರಡು ತಿಂಗಳು ಮಕ್ಕಳ ಹತ್ತಿರ ಇದ್ದು ಬರುತ್ತಾಳೆ. "ಮುದಗಲ್ಲ ಅಲಾಯಿ ಹಬ್ಬಕ್ಕ ಎಲ್ರೂ ಬಂದೇ ಬರ್ತೀವ್ರಿ. ತುಳಸಿಗಿ ನೀರು ಹಾಕ್ರಿ," ಎಂದಳು. ನಮ್ಮ ಪಡಸಾಲೆಯ ಮೊಳೆಗೆ ಆಗಲೇ ಆರು ಕೀಲಿಕೈ ಜೋತುಬಿದ್ದಿದ್ದವು, ಗುರುತಿಗೆ ಒಂದೊಂದಕ್ಕೆ ಒಂದೊಂದು ಬಣ್ಣದ ದಾರ. ಇದಕ್ಕೆ ಹಸಿರು ದಾರ ಕಟ್ಟಿ ಏಳನೆಯದಾಗಿ ಹಾಕಿದೆ.